ಸೂಜಿ ಮತ್ತು ಬಟ್ಟಲು: ನೋವಿಗೆ ಚೀನಾದ ಚಿಕಿತ್ಸೆ

ಸೊಂಟನೋವು, ಮಂಡಿನೋವು ಇಲ್ಲದ ಮನೆ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಆಲೂಗಡ್ಡೆ ಬಿತ್ತನೆ, ಶುಂಠಿ ಕೀಳುವ ಕೆಲಸ ಎಂದರೆ ದಿನವಿಡೀ ಬೆನ್ನು ಬಗ್ಗಿಸಿಯೇ ಇರಬೇಕು. ಅರಕಲಗೂಡಿನ ಹೊಲದಲ್ಲಿ ದುಡಿಯುವ ಹೆಂಗಸಿಗೂ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಗುಮಾಸ್ತರಿಗೂ ರಾತ್ರಿ ಮಲಗುವಾಗ ನೆನಪಾಗುವುದು ನೋವಿನ ಮುಲಾಮೇ. ವರ್ಷಗಟ್ಟಲೆ ಮಾತ್ರೆ ನುಂಗಿ ಹೊಟ್ಟೆಯುರಿ ಬರಿಸಿಕೊಂಡವರು, ‘ಸೂಜಿ ಚಿಕಿತ್ಸೆ ಮಾಡಿಸಿದರೆ ಹೇಗೆ? ಬೆನ್ನಿಗೆ ಬಟ್ಟಲು ಹಾಕಿಸಿದರೆ ಹೇಗೆ?’ ಎಂದು ಕೇಳುವುದು ಸಹಜ. ಹಣ ಕೊಡುವ ಮೊದಲು ಇವೆರಡೂ ಏನು, ಎಲ್ಲಿ ಉಪಯೋಗ, ಎಲ್ಲಿ ಅಪಾಯ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಸೂಜಿ. ಆಕ್ಯುಪಂಕ್ಚರ್‌ನಲ್ಲಿ ಬಳಸುವ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಅದು ಕೂದಲಿಗಿಂತ ತುಸು ದಪ್ಪ, ಒಳಗೆ ಟೊಳ್ಳಿಲ್ಲ, ಅದರ ಮೂಲಕ ಯಾವ ಔಷಧಿಯೂ ಹೋಗುವುದಿಲ್ಲ. ಚುಚ್ಚಿದ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಕೆಲವರು ಅದಕ್ಕೆ ಸಣ್ಣ ವಿದ್ಯುತ್ ಪ್ರವಾಹ ಕೊಡುವುದೂ ಉಂಟು. ಎರಡು ಸಾವಿರ ವರ್ಷಗಳಷ್ಟು ಹಳೆಯ ಚೀನೀ ಗ್ರಂಥಗಳ ಪ್ರಕಾರ ದೇಹದಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ಹನ್ನೆರಡು ಮುಖ್ಯ ನಾಳಗಳಲ್ಲಿ ಹರಿಯುತ್ತದೆ. ಅದು ತಡೆಬಿದ್ದಲ್ಲಿ ರೋಗ. ಆ ನಾಳಗಳ ಮೇಲೆ ನೂರಾರು ಬಿಂದುಗಳನ್ನು ಗುರುತಿಸಿದ್ದಾರೆ. ದೇಹವನ್ನು ಕೊಯ್ದು ನೋಡಿದವರಿಗೆ ಇಂಥ ನಾಳಗಳು ಎಲ್ಲೂ ಕಂಡಿಲ್ಲ. ಆದರೆ ಸೂಜಿ ಚುಚ್ಚಿದಾಗ ನರಗಳು ಪ್ರಚೋದನೆಗೊಂಡು, ಮಿದುಳು ತನ್ನದೇ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಬಿಡುತ್ತದೆ ಎಂಬುದಕ್ಕೆ 1970ರ ದಶಕದಿಂದ ಪುರಾವೆಗಳು ಸಿಕ್ಕಿವೆ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ ಸ್ವಾರಸ್ಯವಾಗಿದೆ. 1938ರಲ್ಲಿ ಜಪಾನಿನ ಆಕ್ರಮಣಕ್ಕೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು, ಕನ್ನಡಿಗರೂ ಬಹಳವಾಗಿ ನೆಲೆಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಜೊತೆಯಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಮರಳಿ ಬಂದು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಕಲ್ಕತ್ತೆಯಲ್ಲಿ ಆರಂಭಿಸಿದರು. ಅಮೆರಿಕದವರಿಗೆ ಇದರ ಹುಚ್ಚು ಹಿಡಿದದ್ದು ಇನ್ನೂ ತಡವಾಗಿ, 1971ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರು ಪೀಕಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡ ಮೇಲೆ. ಸೂಜಿ ಚುಚ್ಚಿಯೇ ಅವರ ಹೊಟ್ಟೆ ಕೊಯ್ದರು ಎಂಬ ಮಾತು ಈಗಲೂ ಓಡಾಡುತ್ತದೆ, ಅದು ನಿಜವಲ್ಲ. ಆಪರೇಷನ್ನಿಗೆ ಮಾಮೂಲು ಅರಿವಳಿಕೆಯನ್ನೇ ಕೊಟ್ಟಿದ್ದರು. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಸೂಜಿ ಹಾಕಿದರು, ಅಷ್ಟೇ.

ನೋವು ಹೋಗುತ್ತದೆಯೆ? ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ನೋಡಿ. ಒಂದು ಗುಂಪಿಗೆ ಶಾಸ್ತ್ರದ ಪ್ರಕಾರ ಸೂಜಿ, ಇನ್ನೊಂದಕ್ಕೆ ಬಿಂದುಗಳಲ್ಲದ ಜಾಗದಲ್ಲಿ ಸುಮ್ಮನೆ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಕ್ರಮವಾಗಿ ನೂರಕ್ಕೆ 47, 44 ಮತ್ತು 27. ಅಂದರೆ ಸೂಜಿ ಹಾಕಿಸಿಕೊಂಡವರಿಗೆ ಮಾತ್ರೆಯವರಿಗಿಂತ ಹೆಚ್ಚು ಉಪಶಮನವಾಯಿತು. ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ! ರೋಗಿಯ ನಂಬಿಕೆ, ಅರ್ಧ ಗಂಟೆಯ ವಿಶ್ರಾಂತಿ, ಕೂತು ವಿಚಾರಿಸುವ ವೈದ್ಯ, ಇವೆಲ್ಲದರ ಪಾಲೂ ಇದರಲ್ಲಿದೆ ಎಂದು ನನಗನ್ನಿಸುತ್ತದೆ. ಇಂಗ್ಲೆಂಡಿನ ಸರ್ಕಾರಿ ಮಾರ್ಗದರ್ಶಿ ಸಂಸ್ಥೆಯೇ 2016ರಲ್ಲಿ ಸೊಂಟನೋವಿಗೆ ಆಕ್ಯುಪಂಕ್ಚರ್ ಬೇಡವೆಂದಿತು. 2021ರಲ್ಲಿ ಬೇರೆ ಕೆಲವು ಬಹುಕಾಲದ ನೋವುಗಳಿಗೆ ಪರಿಶೀಲಿಸಬಹುದೆಂದಿತು. ಆದ್ದರಿಂದ ಹಳೆಯ ನೋವಿಗೆ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಕೆಲವು ಸಲ ಹಾಕಿಸಿ ನೋಡುವುದರಲ್ಲಿ ತಪ್ಪಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಸೂಜಿಯಿಂದ ವಾಸಿಯಾಗುತ್ತವೆ ಎಂದು ಹೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಬಟ್ಟಲು. ಇದನ್ನು ಚೀನಾದವರೇ ಕಲಿಸಬೇಕಾಗಿಲ್ಲ. ಮಗುವಿಗೋ ದೊಡ್ಡವರಿಗೋ ‘ಬಟ್ಟಿ ಜಾರಿದೆ’ ಎಂದು ಹೊಕ್ಕಳ ಮೇಲೆ ಹಣತೆ ಹಚ್ಚಿಟ್ಟು ಅದರ ಮೇಲೆ ಚೊಂಬು ಕವುಚುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ದೀಪ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಕಡಿಮೆಯಾಗುತ್ತದೆ, ಚರ್ಮ ಮೇಲಕ್ಕೆ ಎಳೆಯಲ್ಪಡುತ್ತದೆ, ಚೊಂಬು ಕಚ್ಚಿಕೊಳ್ಳುತ್ತದೆ. ಚೀನಾದ ಗಾಜಿನ ಬಟ್ಟಲು ಮಾಡುವುದೂ ಇದನ್ನೇ. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯಲು ಹಸುವಿನ ಕೊಂಬು, ಸೋರೆಬುರುಡೆ ಮತ್ತು ಜಿಗಣೆಯ ವಿಧಾನಗಳಿವೆ: ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ. (ಸಕಲೇಶಪುರದ ಕಾಡಿನಲ್ಲಿ ಪುಕ್ಕಟೆ ಕಚ್ಚುವ ಇಂಬಳವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ!) ಹಾಸನದ ತಣ್ಣೀರುಹಳ್ಳದಲ್ಲಿರುವಂಥ ಆಯುರ್ವೇದ ಕಾಲೇಜುಗಳಲ್ಲಿ ರಕ್ತಮೋಕ್ಷಣ ಇಂದಿಗೂ ಪಾಠದ ಭಾಗ. ಯುನಾನಿಯಲ್ಲಿ ಇದಕ್ಕೆ ಹಿಜಾಮಾ ಎನ್ನುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಕ್ರಮವಾಗಿ ಕಲಿಸುತ್ತಾರೆ.

ಬಟ್ಟಲಿನಿಂದ ಬರುವ ಕೆಂಪು, ನೀಲಿ ಗುರುತು ನೋಡಿ ‘ಒಳಗಿದ್ದ ಕೆಟ್ಟ ರಕ್ತ ಮೇಲೆ ಬಂತು’ ಎನ್ನುವುದು ವಾಡಿಕೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಲೋಕವೆಲ್ಲ ಕಂಡದ್ದು ಇದೇ ಗುರುತು. ಅದು ಸಣ್ಣ ರಕ್ತನಾಳಗಳು ಒಡೆದು ಚರ್ಮದಡಿ ಹರಡಿದ ರಕ್ತ, ಬಿದ್ದಾಗ ಆಗುವ ಕಂದುಗಟ್ಟಿನಂತೆಯೇ. ಒಂದೆರಡು ವಾರದಲ್ಲಿ ಮಾಯುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ, ಹೃದಯ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೂ ಸುತ್ತಿಸುತ್ತದೆ. ಬೆನ್ನಿನ ಒಂದು ಮೂಲೆಯಲ್ಲಿ ಕೆಟ್ಟ ರಕ್ತ ಕೂತಿರಲು ಅದಕ್ಕೆ ಪುರುಸೊತ್ತೆಲ್ಲಿ? ಬಿಗಿದ ಸ್ನಾಯುವಿಗೆ ತಾತ್ಕಾಲಿಕ ಹಗುರ ಸಿಗಬಹುದು. ಅದಕ್ಕಿಂತ ದೊಡ್ಡ ಗುಣಕ್ಕೆ ಗಟ್ಟಿ ಸಾಕ್ಷ್ಯವಿಲ್ಲ.

ಈಗ ಅಪಾಯದ ಮಾತು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತಗಳ ಸುದ್ದಿಯಿಂದ ಊರೆಲ್ಲ ಗಾಬರಿಯಾದದ್ದು ನಿಮಗೆ ನೆನಪಿರಬಹುದು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಅಸಹಜ ಏರಿಕೆಯೇನೂ ಕಾಣಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಕಂಡವು. ಹೃದಯಾಘಾತದ ನೋವು ಎದೆಯಲ್ಲೇ ಇರಬೇಕೆಂದಿಲ್ಲ. ಎಡಭುಜ, ಬೆನ್ನಿನ ಮೇಲ್ಭಾಗ, ದವಡೆ, ಹೊಟ್ಟೆಯ ಬಾಯಿ ಎಲ್ಲಿ ಬೇಕಾದರೂ ಬರಬಹುದು. ಹೊಸದಾಗಿ ಇಂಥ ನೋವು ಬಂದು ಬೆವರು, ಏದುಸಿರು ಜೊತೆಗೂಡಿದರೆ ‘ಗ್ಯಾಸು, ವಾಯು’ ಎಂದು ಬಟ್ಟಲು ಹಾಕಿಸುತ್ತ ಕೂರಬೇಡಿ. ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸೊಂಟನೋವಿನೊಡನೆ ಕಾಲು ಸೋಲುವುದು, ತೊಡೆಯ ಸಂದು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ಕಂಡರೂ ಹಾಗೆಯೇ. ಅಲ್ಲಿ ಒಂದು ದಿನ ತಡವಾದರೂ ಕಾಲಿನ ಬಲ ಮರಳದೆ ಹೋಗಬಹುದು.

ಸೂಜಿಯ ವಿಷಯದಲ್ಲಿ ಮುಖ್ಯ ಭಯ ಸೋಂಕಿನದು. ಒಬ್ಬರ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಎಚ್.ಐ.ವಿ. ಹರಡಬಲ್ಲವು. ಚರ್ಮ ಗೀರಿ ರಕ್ತ ತೆಗೆಯುವ ಬಟ್ಟಲಿಗೂ ಇದೇ ಮಾತು. ಕಲ್ಯಾಣಮಂಟಪದಲ್ಲಿ ಶಿಬಿರವೆಂದು ಕರಪತ್ರ ಬಂದರೆ ಮುಜುಗರಪಡದೆ ಕೇಳಿ: ಸೂಜಿಯ, ಬ್ಲೇಡಿನ ಪೊಟ್ಟಣ ನನ್ನ ಕಣ್ಣೆದುರೇ ಬಿಚ್ಚುತ್ತೀರಾ? ಎದೆ, ಬೆನ್ನಿನ ಮೇಲೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬಿದ್ದದ್ದೂ ಉಂಟು. ಅಪರೂಪ, ಆದರೆ ಆಗಿದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಬಿಸಿ ಬಟ್ಟಲು ಸುಟ್ಟರೂ ತಿಳಿಯುವುದಿಲ್ಲ. ಆ ಗಾಯ ಮಾಯುವುದೂ ಕಷ್ಟ.

ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಆಕ್ಯುಪಂಕ್ಚರನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿದೆ. ಪ್ರಕೃತಿ ಚಿಕಿತ್ಸೆಯ ಐದೂವರೆ ವರ್ಷದ ಪದವಿಯಲ್ಲಿ ಇದನ್ನು ಕಲಿಸುತ್ತಾರೆ. ಉಜಿರೆ, ಮೈಸೂರುಗಳಲ್ಲಿ ಇದರ ಕಾಲೇಜುಗಳಿವೆ. ವಾರಾಂತ್ಯದ ತರಬೇತಿ ಪಡೆದು ಬೋರ್ಡು ಹಾಕಿದವರಿಗೂ ಇವರಿಗೂ ವ್ಯತ್ಯಾಸ ತಿಳಿಯಬೇಕಾದರೆ ಗೋಡೆಯ ಮೇಲಿನ ಪ್ರಮಾಣಪತ್ರ ಓದಿ, ವೈದ್ಯಕೀಯ ನೋಂದಣಿ ಸಂಖ್ಯೆ ಕೇಳಿ. ಐದಾರು ಸಲ ಹಾಕಿಸಿದರೂ ನೋವು ಇಳಿಯದಿದ್ದರೆ ‘ಇನ್ನೂ ಹತ್ತು ಸಲ ಬನ್ನಿ’ ಎಂಬ ಮಾತಿಗೆ ಮುಂಗಡ ಕಟ್ಟಬೇಡಿ, ಈಗಾಗಲೇ ನುಂಗುತ್ತಿರುವ ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ.