ಮತದ ಗುಟ್ಟು

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಮತಗಟ್ಟೆಯ ಕೆಲಸಕ್ಕೂ ಹೋಗಬೇಕಾಗುತ್ತಿದ್ದಿತು. ಅಲ್ಲಿ ಹಳ್ಳಿಯ ಹೆಂಗಸರು ದನಿ ತಗ್ಗಿಸಿ ಕೇಳುತ್ತಿದ್ದುದು ಒಂದೇ ಮಾತು: “ಸ್ವಾಮಿ, ನಾನು ಯಾರಿಗೆ ಹಾಕ್ದೆ ಅಂತ ಗೌಡ್ರಿಗೆ ಗೊತ್ತಾಗ್ತದಾ?”

ಈ ಭಯಕ್ಕೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಉತ್ತರವುಂಟು. ಗುಟ್ಟನ್ನು ಹೊರಗೆಡಹುವ ಮತಗಟ್ಟೆಯ ಅಧಿಕಾರಿಗೆ 128ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆವಾಸವಾಗಬಹುದು. ಗುಪ್ತವಾಗಿ ಕೊಟ್ಟ ಮತ ಯಾರಿಗೆಂದು ಹೇಳುವಂತೆ ಸಾಕ್ಷಿಯನ್ನು ನಿರ್ಬಂಧಿಸಲು ನ್ಯಾಯಾಲಯಕ್ಕೂ ಅಧಿಕಾರವಿಲ್ಲವೆಂಬುದು 94ನೆಯ ಕಲಮು. ನ್ಯಾಯಾಧೀಶರೇ ಕೇಳಬಾರದುದನ್ನು ಗೌಡರು ಕೇಳುವುದೆಂತು? ಮನೆಯ ಯಜಮಾನರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಮೆಲ್ಲನೆ ಸೂಚಿಸುತ್ತೇವೆ.

ಇನ್ನು ಬೆದರಿಕೆಯ ಮಾತು. 123ನೆಯ ಕಲಮು ಹೊಡೆತ ಬಡಿತಗಳನ್ನು ಮಾತ್ರ ನಿಷೇಧಿಸಿಲ್ಲ. ಜಾತಿಯಿಂದ ಹೊರಗಿಡುವೆವೆಂಬ ಹೆದರಿಕೆಯೂ, ದೈವಕೋಪಕ್ಕೆ ಗುರಿಯಾಗುವೆ ಎಂಬ ಹೆದರಿಕೆಯೂ ಅದರಲ್ಲಿ ಅಡಗಿವೆ. ಶಾಪಕ್ಕೆ ರಾಜರೇ ನಡುಗಿದ ಕಥೆಗಳನ್ನು ಪಾಠ ಹೇಳಿದ ನಮಗೆ ಶಾಸನಕರ್ತರ ಈ ಎಚ್ಚರವು ಬಹಳ ಮೆಚ್ಚಿಕೆಯಾಯಿತು. ಗೆದ್ದವನೇ ಇಂಥ ಕೃತ್ಯವೆಸಗಿದ್ದರೆ, ಅಥವಾ ಅವನ ಒಪ್ಪಿಗೆಯಿಂದ ಅದು ನಡೆದಿದ್ದರೆ, ಆ ಆಯ್ಕೆಯೇ ಅಸಿಂಧು. ಮಿಕ್ಕವರಿಗೂ ಬಿಡುಗಡೆಯಿಲ್ಲ: 2023ರ ಭಾರತೀಯ ನ್ಯಾಯ ಸಂಹಿತೆಯಂತೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ.

ಆಯ್ಕೆಯನ್ನು ಪ್ರಶ್ನಿಸುವ ಅರ್ಜಿಯನ್ನು ಅಭ್ಯರ್ಥಿಯೇ ಕೊಡಬೇಕೆಂದಿಲ್ಲ. ಆ ಕ್ಷೇತ್ರದ ಮತದಾರನೂ ಕೊಡಬಹುದು. ಆಯ್ಕೆಯಾದ ದಿನದಿಂದ 45 ದಿನಗಳೊಳಗೆ ಅದು ಉಚ್ಚ ನ್ಯಾಯಾಲಯವನ್ನು ಸೇರಿರಬೇಕು.