ಸೋರುವ ಮೂತ್ರಕ್ಕಿಂತ ನಿಲ್ಲುವ ಮೂತ್ರವೇ ಅಪಾಯಕಾರಿ

ಸಂಶಿ: ಬೆನ್ನಿನ ಮೇಲೆ ಗಂಟು ಹೊತ್ತು ಜನಿಸಿದ ಮಗುವಿಗೆ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಯ್ದರೆ ಸಂಕಟ ಕಳೆಯಿತೆಂದು ಹೆತ್ತವರು ಭಾವಿಸುವುದು ಸಹಜ. ಆದರೆ ‘ಸ್ಪೈನಾ ಬೈಫಿಡಾ’ ಎಂಬ ಈ ಬೆನ್ನುಹುರಿಯ ನ್ಯೂನತೆಯಲ್ಲಿ ಮುಂದಿನ ಅಪಾಯ ಅಡಗಿರುವುದು ಮೂತ್ರಕೋಶದಲ್ಲಿ. ಸದಾ ಬಟ್ಟೆ ಒದ್ದೆಯಾಗುವುದನ್ನು ‘ದೊಡ್ಡವನಾದರೆ ಸರಿಹೋದೀತು’ ಎಂದು ತಳ್ಳಿಹಾಕುವುದು ತರವಲ್ಲ.

ಮೂತ್ರಕೋಶ ಹಿಗ್ಗುವಾಗ ಸಡಿಲವಾಗಿರಬೇಕು. ಅದು ಕುಗ್ಗುವಾಗ ಕೆಳಗಿನ ಬಿಗಿಸ್ನಾಯು ತೆರೆದುಕೊಳ್ಳಬೇಕು. ಬೆನ್ನುಹುರಿಯ ನರಗಳು ಕೆಟ್ಟಾಗ ಈ ಹೊಂದಾಣಿಕೆ ತಪ್ಪುತ್ತದೆ. ಮೂತ್ರಕೋಶ ಅಕಾಲದಲ್ಲಿ ಹಿಂಡಿಕೊಳ್ಳುತ್ತದೆ, ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ. ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ಮೀರಿದರೆ ಮೂತ್ರಪಿಂಡಗಳಿಗೆ ಧಕ್ಕೆ ತಪ್ಪಿದ್ದಲ್ಲ. ಇದಕ್ಕೆ ನೋವಿಲ್ಲ; ಮಗು ಆಡಿಕೊಂಡೇ ಇರುತ್ತದೆ.

ಚಿಕಿತ್ಸೆಯ ಬುನಾದಿ ತೀರಾ ಸರಳ. ದಿನಕ್ಕೆ ನಾಲ್ಕೈದು ಬಾರಿ ತೆಳುವಾದ ಕ್ಯಾಥೆಟರ್ ನಳಿಕೆ ತೂರಿಸಿ ಮೂತ್ರವನ್ನು ಪೂರ್ತಿ ಬರಿದು ಮಾಡುವುದು. 1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜ್ಯಾಕ್ ಲ್ಯಾಪಿಡಸ್ ಇದಕ್ಕೆ ಶಸ್ತ್ರಾಲಯದ ನಿರ್ಜೀವೀಕರಣ ಬೇಡ, ಶುಚಿತ್ವ ಸಾಕು ಎಂದು ತೋರಿಸಿಕೊಟ್ಟರು. ಅಂದಿನಿಂದ ಈ ಕೆಲಸ ಆಸ್ಪತ್ರೆಯಿಂದ ಮನೆಗೆ ಬಂತು. ಸೋಪಿನಿಂದ ಕೈತೊಳೆದ ತಾಯಿ ಮಾಡಬಹುದು. ಏಳೆಂಟು ವರ್ಷದ ಮಗು ತಾನೇ ಕಲಿಯಬಲ್ಲದು. ತೊಡಕಿರುವುದು ಶಾಲೆಯಲ್ಲಿ. ಚಿಲಕವಿರುವ ಶೌಚಾಲಯ, ನೀರು, ಪಾಠದ ನಡುವೆ ಎದ್ದುಹೋಗಲು ಶಿಕ್ಷಕರ ಅನುಮತಿ, ಇವಿಲ್ಲದೆ ಔಷಧದಿಂದಷ್ಟೇ ಮಗು ಶಾಲೆಯಲ್ಲಿ ಉಳಿಯದು. ಈ ಮಕ್ಕಳಿಗೆ ರಬ್ಬರಿನ ಅಲರ್ಜಿ ಹೆಚ್ಚಾದ್ದರಿಂದ ಲೇಟೆಕ್ಸ್ ಕೈಗವಸು, ನಳಿಕೆ, ಬಲೂನು ಕೂಡ ವರ್ಜ್ಯ.

ಅತಿಯಾಗಿ ಹಿಂಡಿಕೊಳ್ಳುವ ಮೂತ್ರಕೋಶವನ್ನು ತಣಿಸಲು ಆಕ್ಸಿಬ್ಯುಟಿನಿನ್ ಬಹುಕಾಲದಿಂದ ಬಳಕೆಯಲ್ಲಿದೆ. ಬಾಯಿ ಒಣಗುವುದು, ಮಲಬದ್ಧತೆ ಇದರ ಅಡ್ಡಪರಿಣಾಮಗಳು. ಬೆವರೂ ಕಡಿಮೆಯಾಗುವುದರಿಂದ ನಮ್ಮ ಎರೆನಾಡಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಮಗುವನ್ನು ಹೊಲಕ್ಕೆ, ಜಾತ್ರೆಗೆ ಕರೆದೊಯ್ಯುವಾಗ ಎಚ್ಚರ ಅಗತ್ಯ. ಮಲಬದ್ಧತೆಯನ್ನಂತೂ ಕಡೆಗಣಿಸಬಾರದು, ತುಂಬಿದ ಕರುಳು ಮೂತ್ರಕೋಶವನ್ನು ಮತ್ತಷ್ಟು ಕೆರಳಿಸುತ್ತದೆ. ಮಾತ್ರೆ ಫಲಿಸದಿದ್ದಲ್ಲಿ ಮೂತ್ರಕೋಶದ ಗೋಡೆಗೆ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು ನೀಡಲಾಗುತ್ತದೆ. ಐದು ವರ್ಷ ಮೀರಿದ ಇಂಥ ಮಕ್ಕಳಿಗೆ ಅಮೆರಿಕದ ಔಷಧ ಪ್ರಾಧಿಕಾರ 2021ರಲ್ಲಿ ಇದನ್ನು ಅಂಗೀಕರಿಸಿತು. ಅದರ ಪ್ರಭಾವ ಕೆಲವು ತಿಂಗಳು ಮಾತ್ರ. ಕರುಳಿನ ತುಂಡು ಜೋಡಿಸಿ ಮೂತ್ರಕೋಶ ಹಿಗ್ಗಿಸುವ ಶಸ್ತ್ರಚಿಕಿತ್ಸೆ ಕೊನೆಯ ದಾರಿ. ಆಗಲೂ ನಳಿಕೆ ಸಾಮಾನ್ಯವಾಗಿ ಜೀವನಪರ್ಯಂತ ಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ನ್ಯೂನತೆ ಸೇರಿದೆ. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆಗೆ ಬರುವ ತಂಡಕ್ಕೆ ಪಾಲಕರು ವಿಷಯ ಮುಚ್ಚಿಡದೆ ತಿಳಿಸಬೇಕು. ಸಂಶಿಯಿಂದ ರೈಲು ಹತ್ತಿದರೆ ಹುಬ್ಬಳ್ಳಿ. ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ ಅಲ್ಲಿದೆ. ಮೂತ್ರಪಿಂಡಗಳ ಸ್ಕ್ಯಾನಿಂಗ್ ಕಾಲಕಾಲಕ್ಕೆ ಆಗಲೇಬೇಕು. ಜ್ವರ ಬಂದರೆ ಅಂದೇ ಮೂತ್ರ ಪರೀಕ್ಷೆ ಅವಶ್ಯ.

ಇಂಥ ಒಂದು ಮಗು ಜನಿಸಿದ ಮನೆಯಲ್ಲಿ ಮುಂದಿನ ಗರ್ಭಕ್ಕೆ ಮೊದಲೇ, ವೈದ್ಯರ ಸಲಹೆಯಂತೆ, ತಾಯಿ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ದೋಷ ಮರುಕಳಿಸುವ ಸಂಭವ ಇದರಿಂದ ಶೇ. 72ರಷ್ಟು ತಗ್ಗುವುದನ್ನು 1991ರ ಬ್ರಿಟನ್ ನೇತೃತ್ವದ ಅಧ್ಯಯನ ಸಾಬೀತುಪಡಿಸಿದೆ. ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಸುಮಾರು 28ನೇ ದಿನಕ್ಕೆ. ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ಗಡುವು ದಾಟಿರುತ್ತದೆ.