ಕೊಟ್ಟಿಗೆ ಬಾಗಿಲಿಗೆ ಚೌಕ ತೂತು: ಡ್ರಿಲ್ ಮಿಷನ್‌ಗೇ ಮಾರ್ಟಿಸ್ ಜೋಡಿಸಿಕೊಳ್ಳುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆ ಬಾಗಿಲಿನ ಕೆಳಗಿನ ಅಡ್ಡಪಟ್ಟಿ ರಾತ್ರೋರಾತ್ರಿ ಕಳಚಿ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಹಸು ತೋಟದಲ್ಲಿ, ಅದರ ಹಿಂದೆ ಕರು. ಆ ವರ್ಷವೇ ನೆಟ್ಟ ಅಡಿಕೆ ಸಸಿಗಳ ಎರಡು ಸಾಲು ಸುಳಿ ಸಮೇತ ಹೋಗಿತ್ತು. ಮರ ಕೆಟ್ಟಿರಲಿಲ್ಲ, ಗಟ್ಟಿ ಹಲಸು. ಕೆಟ್ಟಿದ್ದು ಮೊಳೆ. ಗಂಜಲ, ಸಗಣಿ, ತೇವ ಮೂರೂ ಸೇರುವ ಜಾಗದಲ್ಲಿ ಕಬ್ಬಿಣದ ಮೊಳೆ ಎಷ್ಟು ದಿನ ಬಾಳೀತು ಹೇಳಿ?

ಹಿಂದಿನವರು ಕೊಟ್ಟಿಗೆ ಬಾಗಿಲಿಗೆ ಮೊಳೆ ನಂಬಿಕೊಂಡವರಲ್ಲ. ಒಂದು ಮರಕ್ಕೆ ಚೌಕ ತೂತು ತೆಗೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂರಿಸಿ, ಅಡ್ಡಲಾಗಿ ಬಿದಿರಿನ ಆಣಿ ಹೊಡೆಯುತ್ತಿದ್ದರು. ಗಂಡು-ಹೆಣ್ಣು ಜೋಡಣೆ ಅಂತೀವಲ್ಲ, ಅದು. ಪೇಟೆಯ ಬಡಗಿಗಳು ತೂತಿಗೆ ಮಾರ್ಟಿಸ್, ನಾಲಿಗೆಗೆ ಟೆನನ್ ಅಂತಾರೆ. ಮಲೆನಾಡಿನ ಉಣುಗೋಲಿನ ಕಂಬ ನೋಡಿದವರಿಗೆ ಇಂಥ ತೂತು ಹೊಸತೇನಲ್ಲ. ಕಷ್ಟ ಇರೋದು ತೂತು ತೆಗೆಯೋದರಲ್ಲಿ. ಉಳಿ, ಕೊಡತಿ ಹಿಡಿದು ಹಲಸಿನಲ್ಲಿ ಎರಡೂವರೆ ಇಂಚು ಆಳಕ್ಕೆ ಇಳಿಯೋದು ಅಭ್ಯಾಸ ಇಲ್ಲದ ಕೈಗೆ ಅರ್ಧ ದಿನದ ಕೆಲಸ. ಒಂದು ಬಾಗಿಲಿಗೆ ಅಂಥವು ಆರು ಬೇಕು. ಆಚಾರ್ರು ಸಿಗೋದು ಯಾವಾಗ ಅನ್ನೋದು ನಿಮಗೂ ಗೊತ್ತು.

ಹಾಗಾಗಿ ಈ ವಾರ, ಶೆಡ್ಡಿನಲ್ಲಿರುವ ಬೆಂಚ್ ಡ್ರಿಲ್ ಮಿಷನ್‌ಗೇ ಮಾರ್ಟಿಸ್ ಅಟ್ಯಾಚ್‌ಮೆಂಟ್ ಕೂರಿಸುವ ವಿಷಯ. ಕೈಯಲ್ಲಿ ಹಿಡಿಯುವ ಡ್ರಿಲ್‌ಗೆ, ಅದನ್ನು ಸಿಕ್ಕಿಸುವ ಸಣ್ಣ ಸ್ಟ್ಯಾಂಡಿಗೆ ಇದು ಆಗದು. ಕಂಬ, ಟೇಬಲ್, ಹಿಡಿ ತಿರುಗಿಸಿ ಇಳಿಸುವ ಮಿಷನ್ನೇ ಬೇಕು.

ತೂತು ಚೌಕ ಆಗೋದು ಹೇಗೆ? ನಾಲ್ಕು ಮೂಲೆಯ ಟೊಳ್ಳು ಉಳಿಯೊಂದು ಇರುತ್ತದೆ, ಅದರ ಒಳಗೆ ಬೈರಿಗೆಯಂಥ ಬಿಟ್ ತಿರುಗುತ್ತದೆ. ಬಿಟ್ ದುಂಡಗೆ ಕೊರೆದುಕೊಂಡು ಮುಂದೆ ಹೋಗುತ್ತದೆ, ಹಿಂದೆಯೇ ಇಳಿಯುವ ಉಳಿ ಉಳಿದ ಮೂಲೆಗಳನ್ನು ಒತ್ತಿ ಕತ್ತರಿಸುತ್ತದೆ. ಉಳಿ ತಿರುಗುವುದಿಲ್ಲ. ಅದನ್ನು ಹಿಡಿದುಕೊಳ್ಳಲು ಒಂದು ಎರಕದ ಹೋಲ್ಡರ್, ಮರ ಒರಗಿಸಲು ಬೇಲಿಯಂಥ ಫೆನ್ಸ್, ಮರ ಮೇಲೇಳದಂತೆ ಒತ್ತಿ ಹಿಡಿಯುವ ತೋಳು: ಅಟ್ಯಾಚ್‌ಮೆಂಟ್ ಅಂದರೆ ಇಷ್ಟೇ.

ಕೊಳ್ಳುವ ಮುಂಚೆ ಮಿಷನ್ನಿನ ಚಕ್ ಮೇಲೆ, ಹಿಡಿ ತಿರುಗಿಸಿದಾಗ ಇಳಿದು ಬರುವ ದಪ್ಪ ಕೊಳವೆ ಇದೆಯಲ್ಲ, ಕ್ವಿಲ್, ಅದರ ಸುತ್ತಳತೆಯಲ್ಲ, ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹೋಲ್ಡರ್ ಕಚ್ಚಿಕೊಳ್ಳೋದು ಅಲ್ಲಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೆ ಬುಶ್ ಹಾಕಬಹುದು, ಕ್ವಿಲ್ ದೊಡ್ಡದಾದರೆ ಏನೂ ಮಾಡಲಾಗದು. ಕ್ವಿಲ್ ಎಷ್ಟು ಇಳಿಯುತ್ತದೆ ಅಂತಲೂ ನೋಡಿ. ಸಣ್ಣ ಮಿಷನ್‌ಗಳಲ್ಲಿ ಅದು 50 ಮಿ.ಮೀ. ಆಸುಪಾಸು, ತೂತಿನ ಆಳವೂ ಅಷ್ಟಕ್ಕೇ ಸೀಮಿತ.

ಉಳಿಯ ಅಳತೆಗೆ ಹಳೇ ಲೆಕ್ಕ ಸಾಕು. ಮರದ ದಪ್ಪದ ಮೂರನೇ ಒಂದು ಭಾಗ ತೂತು. 36–40 ಮಿ.ಮೀ. ದಪ್ಪದ ಬಾಗಿಲ ಚೌಕಟ್ಟಿಗೆ 12 ಮಿ.ಮೀ. ಉಳಿ ಸರಿ.

ಇನ್ನು ಜೋಡಣೆ. ಪ್ಲಗ್ ಕಿತ್ತಿಟ್ಟು ಶುರು ಮಾಡಿ. ಚಕ್ ಕಳಚಿ, ಹೋಲ್ಡರನ್ನು ಕ್ವಿಲ್‌ಗೆ ಏರಿಸಿ ಬಿಗಿ ಮಾಡಿ, ಚಕ್ ಮತ್ತೆ ಹಾಕಿ. ಇದರ ನಂತರ ಬರೋದೇ ಎಲ್ಲರೂ ಎಡವುವ ಜಾಗ. ನಾನೂ ಎಡವಿದ್ದೇನೆ. ಬಿಟ್ಟಿನ ತಲೆ ಮತ್ತು ಉಳಿಯ ಬಾಯಿ ನಡುವೆ ಸಣ್ಣ ಅಂತರ ಇರಲೇಬೇಕು. ಮೊದಲ ಸಲ ಅದನ್ನು ಬಿಡದೆ ಒತ್ತಿ ಕೂರಿಸಿದ್ದೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕಿರ್ ಅಂತ ಕೂಗಿತು, ಹೊಗೆ ಬಂತು, ಉಳಿಯ ಬಾಯಿ ನೀಲಿಗಟ್ಟಿತು. ನೀಲಿಗಟ್ಟಿದ ಉಕ್ಕಿಗೆ ಹದ ಹೋಯಿತು ಅಂತ ಲೆಕ್ಕ. ಹೊಸ ಉಳಿ, ಮೊದಲ ತೂತಿಗೇ ಮುಗಿಯಿತು.

ಅದಕ್ಕೆ ಒಂದು ರೂಪಾಯಿ ನಾಣ್ಯ ಸಾಕು. ಉಳಿಯನ್ನು ಹೋಲ್ಡರ್‌ಗೆ ತೂರಿಸುವಾಗ ಉಳಿಯ ಹೆಗಲು ಮತ್ತು ಹೋಲ್ಡರಿನ ತಳದ ನಡುವೆ ನಾಣ್ಯ ಇಟ್ಟು ತಿರುಪು ಬಿಗಿ ಮಾಡಿ. ಕೆಳಗಿನಿಂದ ಬಿಟ್ ತೂರಿಸಿ, ಅದರ ತಲೆ ಉಳಿಯ ಬಾಯಿಗೆ ತಾಗುವವರೆಗೆ ಮೇಲೆ ಒತ್ತಿ ಚಕ್ ಬಿಗಿ ಮಾಡಿ. ಈಗ ಉಳಿಯ ತಿರುಪು ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಹೆಗಲು ತಾಗುವವರೆಗೆ ಮೇಲಕ್ಕೆ ತಳ್ಳಿ ಮತ್ತೆ ಬಿಗಿ ಮಾಡಿ. ನಾಣ್ಯದ ದಪ್ಪದಷ್ಟು ಅಂತರ ತಾನಾಗಿಯೇ ಉಳಿಯುತ್ತದೆ. ಚಕ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಾಗಬಾರದು. ಹಾಗಂತ ಅಂತರ ತುಂಬಾ ಬಿಟ್ಟರೂ ಕಷ್ಟ, ದೊಡ್ಡ ಚಕ್ಕೆಗಳು ಎದ್ದು ಒಳಗೇ ಸಿಕ್ಕಿಕೊಳ್ಳುತ್ತವೆ.

ಉಳಿಯ ಒಂದು ಬದಿಯಲ್ಲಿ ಉದ್ದ ಸೀಳು ಇರುತ್ತದೆ, ಹೊಟ್ಟು ಹೊರಬರುವ ದಾರಿ ಅದು. ಅದನ್ನು ಎಡಕ್ಕೋ ಬಲಕ್ಕೋ ಮುಖ ಮಾಡಿ, ನಿಮ್ಮ ಕಡೆಗಾಗಲಿ ಫೆನ್ಸ್ ಕಡೆಗಾಗಲಿ ಬೇಡ. ಕೆಲಸ ಸಾಗುವಾಗ ಸೀಳು ಆಗಲೇ ಕೊರೆದ ತೂತಿನ ಕಡೆಗಿದ್ದರೆ ಹೊಟ್ಟು ಅಲ್ಲಿಗೆ ಬೀಳುತ್ತದೆ.

ಆಮೇಲೆ ಮೂಲೆಮಟ್ಟ. ಫೆನ್ಸಿಗೂ ಉಳಿಯ ಬದಿಗೂ ಹಿಡಿದು ನೋಡಿ, ಎಳೆಯಷ್ಟೂ ಬೆಳಕು ಕಾಣಬಾರದು. ಟೇಬಲ್ಲಿಗೂ ಉಳಿಗೂ ಒಮ್ಮೆ ಹಿಡಿಯಿರಿ. ಕಣ್ಣಳತೆ ನಂಬಬೇಡಿ, ಬೇಡದ ತುಂಡಿನಲ್ಲಿ ಒತ್ತೊತ್ತಾಗಿ ಮೂರು ತೂತು ತೆಗೆಯಿರಿ. ಗೋಡೆ ಗರಗಸದ ಹಲ್ಲಿನಂತೆ ಬಂದರೆ ಉಳಿ ಓರೆಯಾಗಿದೆ. ನಮ್ಮೂರಿನ ಹಿರಿಯ ಆಚಾರ್ರು ಇದನ್ನು ನೋಡಿ ಒಂದೇ ಮಾತು ಹೇಳಿದರು: “ಮಿಷನ್ನು ತೂತು ತೆಗೀತದೆ ಸ್ವಾಮಿ, ಅಳತೆ ನೀವೇ ತೆಗೀಬೇಕು.”

ಕೊರೆಯುವಾಗ ಮೊದಲು ಎರಡೂ ತುದಿ. ಆಮೇಲೆ ನಡುವೆ ಉಳಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟುಬಿಟ್ಟು ತೂತು, ಕೊನೆಗೆ ಬಿಟ್ಟ ಜಾಗ. ಒಂದರ ಪಕ್ಕ ಒಂದು ಅಂತ ಹೋದರೆ ಉಳಿ ಖಾಲಿ ಕಡೆಗೆ ವಾಲುತ್ತದೆ, ಬಾಗಿ ಮುರಿದರೂ ಮುರಿಯಿತು. ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಯಬೇಡಿ, ಅರ್ಧ ಇಂಚು ಇಳಿಸಿ, ಎತ್ತಿ, ಹೊಟ್ಟು ಬಿದ್ದ ಮೇಲೆ ಮುಂದುವರಿಸಿ. ಹಲಸು, ಮತ್ತಿಯಂಥ ಮರಕ್ಕೆ 12 ಮಿ.ಮೀ. ಉಳಿಯಾದರೆ ಬೆಲ್ಟನ್ನು ನಿಮಿಷಕ್ಕೆ 1000 ಸುತ್ತಿನ ಆಸುಪಾಸಿನ ಪುಲ್ಲಿಗೆ ಹಾಕಿಕೊಳ್ಳಿ. ಸುತ್ತಮುತ್ತಲ ತೋಟದ ಪಂಪುಗಳೆಲ್ಲ ಓಡುತ್ತಾ ವೋಲ್ಟೇಜ್ ಬಿದ್ದ ಹೊತ್ತಲ್ಲಿ ಈ ಕೆಲಸಕ್ಕೆ ಕೂರಬೇಡಿ. ಮೋಟಾರು ಮುಕ್ಕಿರಿಯುತ್ತದೆ, ನೀವು ಇನ್ನಷ್ಟು ಒತ್ತುತ್ತೀರಿ.

ಒತ್ತುವುದರ ಬಗ್ಗೆಯೂ ಹೇಳಬೇಕು. ಭಾರ ಸಾಲದು ಅಂತ ಹಿಡಿಗೆ ಪೈಪು ಸಿಕ್ಕಿಸಿ ಜಗ್ಗುವವರಿದ್ದಾರೆ. ಒಳಗಿನ ಹಲ್ಲುಗಳು ಡ್ರಿಲ್ ಮಾಡಲು ಇರುವಂಥವು, ಮೂಲೆ ಕತ್ತರಿಸುವ ಭಾರಕ್ಕಲ್ಲ, ಮುರಿಯುತ್ತವೆ. ಅಷ್ಟು ಒತ್ತಬೇಕಾಗಿ ಬಂದರೆ ಉಳಿ ಮೊಂಡಾಗಿದೆ ಅಂತಲೇ ಅರ್ಥ. ಒಳಬಾಯಿಗೆ ಶಂಕುವಿನಾಕಾರದ ಸಾಣೆ ಸಿಗುತ್ತದೆ, ಹಗುರವಾಗಿ ನಾಲ್ಕೈದು ಸುತ್ತು ತಿರುಗಿಸಿ. ಹೊರಮೈಯನ್ನು ನುಣುಪು ಸಾಣೆಕಲ್ಲಿನ ಮೇಲೆ ಮಲಗಿಸಿ ಮುಳ್ಳು ತೆಗೆದರೆ ಸಾಕು, ಹೆಚ್ಚು ಉಜ್ಜಿದರೆ ಅಳತೆಯೇ ಸಣ್ಣದಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಹಸಿ ಹಲಸಿನ ಅಂಟು ಉಳಿಗೆ ಮೆತ್ತಿಕೊಳ್ಳುತ್ತದೆ, ಹೊರಮೈಗೆ ಮೇಣದಬತ್ತಿ ಉಜ್ಜಿಕೊಳ್ಳಿ.

ಟೇಬಲ್ ಕೆಳಗೆ ಒಂದು ಮರದ ಊರುಗೋಲು ಕೊಡಿ, ಇಲ್ಲದಿದ್ದರೆ ಒತ್ತಡಕ್ಕೆ ಬಗ್ಗಿ ತೂತು ಓರೆಯಾಗುತ್ತದೆ. ಆರಡಿ ಮರದ ಎರಡೂ ತುದಿಗೆ ಅದೇ ಎತ್ತರದ ಸ್ಟೂಲು ಬೇಕು. ಉಳಿ ಎತ್ತುವಾಗ ಮರವೂ ಅದರೊಂದಿಗೆ ಏಳುತ್ತದೆ, ಒತ್ತು ತೋಳನ್ನು ಮರಕ್ಕೆ ತಾಗಿಸಿಯೇ ಬಿಗಿ ಮಾಡಿರಿ. ತೋಳು ಬಿಟ್ಟು ಕೈಯಲ್ಲಿ ಅದುಮಿ ಹಿಡಿಯಲು ಹೋದರೆ ಬೆರಳು ಹೋಗುವ ಕೆಲಸ. ಗ್ಲೌಸ್ ಬೇಡ, ಹೆಗಲ ಮೇಲಿನ ಟವೆಲ್ಲೂ ಬೇಡ. ಹಳೇ ತೊಲೆಯ ಮರವಾದರೆ ಮುರಿದ ಮೊಳೆ ಒಳಗಿದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ.

ಆರ್‌ಪಾರ್ ತೂತು ಬೇಕಿದ್ದರೆ ಎರಡೂ ಕಡೆ ಗುರುತು ಹಾಕಿ ಅರ್ಧರ್ಧ ಕೊರೆಯಿರಿ, ಎರಡೂ ಸಲ ಮರದ ಒಂದೇ ಮುಖ ಫೆನ್ಸಿಗೆ ಒರಗಿರಬೇಕು. ಆರ್‌ಪಾರ್ ಅಲ್ಲದ್ದಕ್ಕೆ ನಾಲಿಗೆಗಿಂತ ಎರಡು ಮೂರು ಮಿ.ಮೀ. ಹೆಚ್ಚು ಆಳ ಬಿಡಿ. ನಾಲಿಗೆಯನ್ನು ತೂತು ನೋಡಿಕೊಂಡೇ ಕೆತ್ತಿ. ತೂತಿನ ಅಗಲ ಉಳಿ ಹೇಳಿದ್ದು, ಬದಲಾಗದು. ನಾಲಿಗೆಯನ್ನಾದರೆ ಸವರಬಹುದು. ಕೊಡತಿಯ ಹಗುರ ಏಟಿಗೆ ಕೂರಬೇಕು. ಕೈಯಲ್ಲೇ ಜಾರಿ ಕೂತರೆ ಸಡಿಲ, ಬಡಿದು ಬಡಿದು ಕೂರಿಸಿದರೆ ಮರ ಸೀಳುತ್ತದೆ.

ನಮ್ಮ ಬಾಗಿಲಿನ ಆರು ತೂತಿಗೆ, ಉಳಿ ಸುಟ್ಟ ದಿನ ಬಿಟ್ಟು, ಒಂದು ಬೆಳಗ್ಗೆ ಸಾಕಾಯಿತು. ಬಿದಿರಿನ ಆಣಿ ಮಾತ್ರ ಆಚಾರ್ರೇ ಬಂದು ಹೊಡೆದುಕೊಟ್ಟರು. ಕೂಲಿ ಬೇಡ ಅಂದರು, ಎರಡು ಹಲಸಿನ ಹಣ್ಣು ಹೊತ್ತುಕೊಂಡು ಹೋದರು.